ಆರ್ಬಿಟ್ರೇಷನ್‌ನಲ್ಲಿ ಎಲ್‌ಎಲ್‌ಎಂ: ಅಡಿಕೆ ತೋಟ ಅಡ ಇಡುವ ಮೊದಲು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಐದು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ವಯಸ್ಸು 29. ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಸೀನಿಯರ್ ಆಫೀಸಿನಲ್ಲಿ ಸಿವಿಲ್ ಕೇಸುಗಳೇ ಜಾಸ್ತಿ. ಹೆದ್ದಾರಿಗೆ ಜಮೀನು ಹೋದ ರೈತರ ಪರಿಹಾರದ ಕೇಸು, ಫೈನಾನ್ಸ್ ಕಂಪನಿಗಳ ಸಾಲ ವಸೂಲಿ ಕೇಸು ಕೂಡ ಬರುತ್ತವೆ. ಆರ್ಬಿಟ್ರೇಷನ್ ವಿಷಯದಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಬೇಕೆಂಬ ಆಸೆ ಇದೆ. ಲಂಡನ್‌ಗೋ ಸಿಂಗಪುರಕ್ಕೋ ಹೋಗಲೇ, ಇಲ್ಲೇ ಓದಲೇ? ಓದಿ ಬಂದ ಮೇಲೆ ಆರ್ಬಿಟ್ರೇಟರ್ ಆಗಬಹುದೇ? ನನ್ನ ಇಂಗ್ಲಿಷ್ ಸಾಕಾಗುತ್ತದೆಯೇ? ಚನ್ನಗಿರಿ ಹತ್ತಿರ ನಮ್ಮದೊಂದು ಅಡಿಕೆ ತೋಟ ಇದೆ. ಅದನ್ನು ಅಡ ಇಟ್ಟಾದರೂ ಕಳಿಸುತ್ತೇನೆ ಎನ್ನುತ್ತಾರೆ ಅಪ್ಪ.

ಉತ್ತರ: ತೋಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಈ ವರ್ಷ ಅಡ ಇಡಬೇಡಿ. ಓದಬೇಡಿ ಎಂದು ಹೇಳುತ್ತಿಲ್ಲ, ಖಂಡಿತ ಓದಿ. ಆದರೆ ಯಾವ ಪ್ರಶ್ನೆ ಹೊತ್ತುಕೊಂಡು ಓದಲು ಹೋಗುತ್ತಿದ್ದೀರಿ ಎನ್ನುವುದು ನಿಮಗೇ ಸ್ಪಷ್ಟವಾಗಬೇಕು. ಆ ಪ್ರಶ್ನೆ ನಿಮ್ಮ ಆಫೀಸಿನ ಕಪಾಟಿನಲ್ಲೇ ಇದೆ. ನೀವು ಅದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಪತ್ರಿಕೆಗಳು ಆರ್ಬಿಟ್ರೇಷನ್ನನ್ನೂ ಮಧ್ಯಸ್ಥಿಕೆ ಎಂದು ಬರೆಯುತ್ತವೆ, ಮೀಡಿಯೇಷನ್ನನ್ನೂ ಮಧ್ಯಸ್ಥಿಕೆ ಎಂದೇ ಬರೆಯುತ್ತವೆ. ಎರಡೂ ಬೇರೆ. ಮೀಡಿಯೇಟರ್ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಅವರೇ ಒಪ್ಪಿದರೆ ರಾಜಿ. ಆರ್ಬಿಟ್ರೇಟರ್ ಎಂದರೆ ಎರಡೂ ಕಡೆಯವರು ಕರಾರಿನ ಮೂಲಕ ಒಪ್ಪಿಕೊಂಡ ಖಾಸಗಿ ನ್ಯಾಯಾಧೀಶರು. ಸಾಕ್ಷಿ ಕೇಳುತ್ತಾರೆ, ವಾದ ಕೇಳುತ್ತಾರೆ, ಅವಾರ್ಡ್ ಅಂದರೆ ತೀರ್ಪು ಬರೆಯುತ್ತಾರೆ. ಆ ಅವಾರ್ಡ್ ಕೋರ್ಟಿನ ಡಿಕ್ರಿಯಂತೆ ಜಾರಿಯಾಗುತ್ತದೆ. ಓದುವ ಕೋರ್ಸು ಆರಿಸುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ, ಮುಂದೆ ಹೇಳುತ್ತೇನೆ. ನಾನು ವಕೀಲರು ಆಡುವ ಹಾಗೆ ಆರ್ಬಿಟ್ರೇಷನ್, ಮೀಡಿಯೇಷನ್ ಎಂದೇ ಬರೆಯುತ್ತೇನೆ.

ಈಗ ನಿಮ್ಮ ಕಪಾಟಿಗೆ ಬರೋಣ. ಹೆದ್ದಾರಿ ಅಗಲ ಮಾಡಲು ಜಮೀನು ತೆಗೆದುಕೊಂಡಾಗ ಭೂಸ್ವಾಧೀನ ಅಧಿಕಾರಿ ಒಂದು ಪರಿಹಾರ ನಿಗದಿ ಮಾಡುತ್ತಾರೆ. ರೈತರಿಗೆ ಅದು ಕಡಿಮೆ ಅನ್ನಿಸಿದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ(5) ಕಲಮಿನ ಕೆಳಗೆ ಆರ್ಬಿಟ್ರೇಟರ್ ಮುಂದೆ ಹೋಗಬೇಕು. ಆ ಆರ್ಬಿಟ್ರೇಟರನ್ನು ನೇಮಿಸುವುದು ಕೇಂದ್ರ ಸರ್ಕಾರ. ಸಾಮಾನ್ಯವಾಗಿ ಆ ಜವಾಬ್ದಾರಿ ಜಿಲ್ಲಾಧಿಕಾರಿಗೆ ಬರುತ್ತದೆ. ಅಂದರೆ ನಿಮ್ಮೂರಿನ ಡಿಸಿ ಕಚೇರಿಯಲ್ಲಿ ನಡೆಯುವುದು ಆರ್ಬಿಟ್ರೇಷನ್ನೇ. ಅದಕ್ಕೆ 1996ರ ಆರ್ಬಿಟ್ರೇಷನ್ ಕಾಯ್ದೆ ಅನ್ವಯಿಸುತ್ತದೆ. ಲಂಡನ್‌ನ ಕ್ಲಾಸಿನಲ್ಲಿ ಓದಿಸುವ ವಿಷಯಕ್ಕೂ ಚನ್ನಗಿರಿಯ ರೈತರ ಪರಿಹಾರಕ್ಕೂ ಇರುವ ನಂಟು ಇದೇ.

ಇದೇ ಫೈಲಿನೊಳಗೆ ಇನ್ನಷ್ಟು ಒಳಕ್ಕೆ ಹೋಗಿ. ಆರ್ಬಿಟ್ರೇಷನ್‌ಗೆ ಜೀವ ಬರುವುದೇ ಎರಡೂ ಕಡೆಯ ಒಪ್ಪಿಗೆಯಿಂದ ಎಂದು ಎಲ್ಲ ಕೋರ್ಸುಗಳೂ ಮೊದಲ ವಾರ ಹೇಳಿಕೊಡುತ್ತವೆ. ಇಲ್ಲಿ ರೈತರು ಎಲ್ಲಿ ಒಪ್ಪಿದರು? ಕರಾರೇ ಇಲ್ಲ. ಕಾನೂನೇ ಅವರನ್ನು ಅಲ್ಲಿಗೆ ಕಳಿಸಿತು. ಆರ್ಬಿಟ್ರೇಟರನ್ನು ಆರಿಸುವ ಹಕ್ಕೂ ಅವರಿಗಿಲ್ಲ. ಅವಾರ್ಡ್ ಬಂದ ಮೇಲೆ ಆರ್ಬಿಟ್ರೇಷನ್ ಕಾಯ್ದೆಯ 34ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋದರೆ ಅದು ಅಪೀಲಲ್ಲ. ಅವಾರ್ಡ್ ರದ್ದು ಮಾಡಬಹುದೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಕಾಯ್ದೆ ಹೇಳಿದ ಕೆಲವೇ ಕಾರಣಗಳು ಅಲ್ಲಿ ನಡೆಯುತ್ತವೆ. ಪರಿಹಾರದ ಮೊತ್ತವನ್ನು ಕೋರ್ಟೇ ಹೆಚ್ಚಿಸಬಹುದೇ? 2021ರಲ್ಲಿ ಹೆದ್ದಾರಿ ಪ್ರಾಧಿಕಾರ ಮತ್ತು ಎಂ. ಹಕೀಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಅದೂ ಇಂಥದ್ದೇ ಜಮೀನಿನ ಕೇಸು, ತಮಿಳುನಾಡಿನದು. ಆಮೇಲೆ 2025ರ ಏಪ್ರಿಲ್ 30ರಂದು ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಾಲ್ಕು–ಒಂದರ ಬಹುಮತದಿಂದ, ಕೆಲವು ಸೀಮಿತ ಸಂದರ್ಭಗಳಲ್ಲಿ ಅವಾರ್ಡನ್ನು ತಿದ್ದಬಹುದು ಎಂದು ಹೇಳಿತು. ಆ ‘ಸೀಮಿತ’ ಎಂಬುದರೊಳಗೆ ರೈತರ ಪರಿಹಾರ ಎಷ್ಟು ಬರುತ್ತದೆ? ಇದು ಒಂದು ಎಲ್‌ಎಲ್‌ಎಂ ಪ್ರಬಂಧಕ್ಕೆ ಸಾಲುವ ಪ್ರಶ್ನೆ. ಲಂಡನ್‌ನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ನಿಮಗೆ ಹೊಳೆಯುತ್ತದೆ, ಯಾಕೆಂದರೆ ಪಹಣಿ ಹಿಡಿದುಕೊಂಡು ಬಂದ ರೈತರು ನಿಮ್ಮ ಎದುರು ಕೂತಿದ್ದಾರೆ.

ಇಲ್ಲಿ ಗಡುವಿನ ಮಾತು ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಸಹಿ ಇರುವ ಅವಾರ್ಡ್ ಪ್ರತಿ ಕಕ್ಷಿದಾರರ ಕೈಗೆ ಸೇರಿದ ದಿನದಿಂದ ಮೂರು ತಿಂಗಳೊಳಗೆ 34ನೇ ಕಲಮಿನ ಅರ್ಜಿ ಹಾಕಬೇಕು. ಸರಿಯಾದ ಕಾರಣ ತೋರಿಸಿದರೆ ಇನ್ನು 30 ದಿನ ಸಿಗುತ್ತದೆ. ಅದರಾಚೆ ಒಂದು ದಿನವೂ ಇಲ್ಲ. 2001ರಲ್ಲೇ ಪಾಪ್ಯುಲರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ. ನನ್ನ ಹತ್ತಿರ ಒಮ್ಮೆ ಒಬ್ಬ ರೈತರು ಬಂದಾಗ ಅವಾರ್ಡ್ ಕೈಗೆ ಸೇರಿ ಐದು ತಿಂಗಳಾಗಿತ್ತು. ಮಾಮೂಲಿ ಅಪೀಲಿನ ಹಾಗೆ ತಡವಾದರೂ ಕ್ಷಮೆ ಕೇಳಬಹುದು ಎಂದು ಯಾರೋ ಅವರಿಗೆ ಹೇಳಿದ್ದರು. ಕಾಗದ ಎಲ್ಲ ನೀಟಾಗಿ ಜೋಡಿಸಿ ತಂದಿದ್ದರು. ಏನೂ ಮಾಡಲಾಗಲಿಲ್ಲ. ಅವತ್ತಿನಿಂದ ಈ ಕಾನೂನನ್ನು ಜಿಲ್ಲೆ ತಾಲ್ಲೂಕುಗಳಲ್ಲಿ ಚೆನ್ನಾಗಿ ಬಲ್ಲ ವಕೀಲರು ಇರಬೇಕು ಎಂಬ ಹಟ ನನ್ನಲ್ಲಿ ಹುಟ್ಟಿತು. ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯಲು ಅದೂ ಒಂದು ಕಾರಣ.

ಇನ್ನು ಫೈನಾನ್ಸ್ ಕಂಪನಿಯ ಕೇಸು. ಟ್ರ್ಯಾಕ್ಟರ್ ಸಾಲದ ಕಾಗದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಆರ್ಬಿಟ್ರೇಷನ್ ಷರತ್ತು ಇರುತ್ತದೆ. ಎಷ್ಟೋ ಸಲ ಕೂರುವ ಜಾಗ ಚೆನ್ನೈಯೋ ಮುಂಬೈಯೋ, ಆರ್ಬಿಟ್ರೇಟರನ್ನು ಆರಿಸುವುದು ಕಂಪನಿ. ನೋಟಿಸು ಬಂದಾಗ ಸಾಲಗಾರರಿಗೆ ಅರ್ಥವಾಗುವುದಿಲ್ಲ, ಹೋಗುವುದೂ ಇಲ್ಲ. ಅವಾರ್ಡ್ ಆಗಿ, ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ನಿಮ್ಮ ಕೋರ್ಟಿಗೆ ಬಂದಾಗ ಓಡಿ ಬರುತ್ತಾರೆ, ಅಲ್ವಾ? ಆಸ್ತಿ ಎಲ್ಲಿದೆಯೋ ಅಲ್ಲೇ ನೇರವಾಗಿ ಅಮಲ್ಜಾರಿ ಹಾಕಬಹುದು ಎಂದು 2018ರಲ್ಲಿ ಸುಂದರಂ ಫೈನಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಂಪನಿಗಳಿಗೆ ದಾರಿ ಸುಲಭವಾಗಿದೆ. ಇನ್ನೊಂದು ಕಡೆ, ಕಂಪನಿಗೆ ಸಂಬಂಧಪಟ್ಟವರು ಆರ್ಬಿಟ್ರೇಟರ್ ಆಗುವಂತಿಲ್ಲ ಎಂದು ಆರ್ಬಿಟ್ರೇಷನ್ ಕಾಯ್ದೆಯ 2015ರ ತಿದ್ದುಪಡಿ 12(5)ನೇ ಕಲಂ ತಂದಿತು. ಫಲಿತಾಂಶದಲ್ಲಿ ಆಸಕ್ತಿ ಇರುವವರು ಬೇರೆಯವರನ್ನು ತಾವೇ ನೇಮಿಸುವುದೂ ತಪ್ಪು ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಒಂದೇ ಕಡೆಯವರು ಆರ್ಬಿಟ್ರೇಟರನ್ನು ನೇಮಿಸುವ ಪದ್ಧತಿಯ ವಿರುದ್ಧ ಮತ್ತಷ್ಟು ಗಟ್ಟಿಯಾಗಿ ಮಾತಾಡಿತು. ಹಾಗಾದರೆ ಕಂಪನಿಯೇ ನೇಮಿಸಿದ ಆರ್ಬಿಟ್ರೇಟರುಗಳು ಕೊಟ್ಟ ಹಳೆಯ ಅವಾರ್ಡುಗಳನ್ನು ಅಮಲ್ಜಾರಿ ಕೋರ್ಟಿನಲ್ಲಿ ಪ್ರಶ್ನಿಸಬಹುದೇ? ನಿಮ್ಮ ಸೀನಿಯರ್ ಜೊತೆ ಒಂದು ಸಂಜೆ ಇದನ್ನು ಚರ್ಚೆ ಮಾಡಿ ನೋಡಿ. ಎಲ್‌ಎಲ್‌ಎಂ ತರಗತಿ ಹೇಗಿರುತ್ತದೆ ಎಂಬುದರ ರುಚಿ ಅಲ್ಲೇ ಸಿಗುತ್ತದೆ.

ಇದೆಲ್ಲ ಊರಿನ ಮಾತಾಯಿತು, ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಬೇರೆಯೇ ಲೋಕ ಅಲ್ಲವೇ ಎಂದು ನೀವು ಕೇಳಬಹುದು. ಅದೂ ನಮ್ಮ ರಾಜ್ಯದಿಂದ ದೂರವಿಲ್ಲ. ಇಸ್ರೋದ ವಾಣಿಜ್ಯ ವಿಭಾಗ ಆಂಟ್ರಿಕ್ಸ್, ಬೆಂಗಳೂರಿನದು. ಅದು 2005ರ ಜನವರಿಯಲ್ಲಿ ಬೆಂಗಳೂರಿನದೇ ಆದ ದೇವಾಸ್ ಮಲ್ಟಿಮೀಡಿಯಾ ಜೊತೆ ಉಪಗ್ರಹ ತರಂಗಾಂತರದ ಕರಾರು ಮಾಡಿಕೊಂಡಿತು. 2011ರಲ್ಲಿ ಕರಾರು ರದ್ದಾಯಿತು. ಅಲ್ಲಿಂದ ಶುರುವಾದ ಜಗಳ ಮೂರು ದಾರಿ ಹಿಡಿಯಿತು. ಕರಾರಿನ ಪ್ರಕಾರ ಐಸಿಸಿ (ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ) ಆರ್ಬಿಟ್ರೇಷನ್ ಒಂದು. ಮಾರಿಷಸ್‌ನ ಹೂಡಿಕೆದಾರರು ಭಾರತ ಸರ್ಕಾರದ ಮೇಲೆ ಎರಡು ದೇಶಗಳ ನಡುವಿನ ಹೂಡಿಕೆ ಒಪ್ಪಂದದ ಅಡಿ ಹೂಡಿದ್ದು ಇನ್ನೊಂದು. ಜರ್ಮನಿಯ ಡಾಯ್ಚ ಟೆಲಿಕಾಂ ಹೂಡಿದ್ದು ಮತ್ತೊಂದು. 2015ರಲ್ಲಿ ಐಸಿಸಿ ನ್ಯಾಯಮಂಡಳಿ ದೇವಾಸ್‌ಗೆ 56.25 ಕೋಟಿ ಡಾಲರ್ ಕೊಡಬೇಕೆಂದು ಅವಾರ್ಡ್ ಕೊಟ್ಟಿತು. ಆಮೇಲೆ 2021ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ, ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನೇ ಮುಚ್ಚಲು ಹೇಳಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಅವಾರ್ಡನ್ನು ರದ್ದು ಮಾಡಿತು. ಆದರೂ ಅದೇ ಅವಾರ್ಡ್ ಹಿಡಿದು ಅಮೆರಿಕದಲ್ಲಿ ವಸೂಲಿಗೆ ಹೋದವರ ಕೇಸು 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಹೋಯಿತು.

ಈ ಒಂದು ಕರಾರನ್ನು ಕೂಲಂಕಷವಾಗಿ ಓದಿದರೆ ವಿದೇಶದ ಎಲ್‌ಎಲ್‌ಎಂನ ಅರ್ಧ ಪಠ್ಯ ಮುಗಿದ ಹಾಗೆ. ಆರ್ಬಿಟ್ರೇಷನ್‌ನ ‘ಸೀಟ್’ ಎಲ್ಲಿ, ಅಂದರೆ ಯಾವ ದೇಶದ ಕೋರ್ಟಿನ ನಿಗಾದಲ್ಲಿ ಅದು ನಡೆಯುತ್ತದೆ? ಒಂದು ದೇಶದಲ್ಲಿ ರದ್ದಾದ ಅವಾರ್ಡ್ ಇನ್ನೊಂದು ದೇಶದಲ್ಲಿ ಉಳಿಯುತ್ತದೆಯೇ? ವಂಚನೆಯ ಆರೋಪ ಬಂದರೆ ಏನು? ಸರ್ಕಾರದ ಆಸ್ತಿಯನ್ನು ಹೊರದೇಶದಲ್ಲಿ ಜಪ್ತಿ ಮಾಡಬಹುದೇ? ವಿದೇಶಿ ಅವಾರ್ಡುಗಳ ಜಾರಿಗೆ ಆಧಾರ 1958ರ ನ್ಯೂಯಾರ್ಕ್ ಒಪ್ಪಂದ. ಭಾರತ ಅದನ್ನು 1960ರಲ್ಲಿ ಒಪ್ಪಿಕೊಂಡಿತು, ಈಗ 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ನಮ್ಮ 1996ರ ಕಾಯ್ದೆಯ ಎರಡನೇ ಭಾಗದಲ್ಲಿ ಇರುವುದು ಅದೇ. ಮೊದಲ ಭಾಗ ನಿಂತಿರುವುದು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್ಸಿಟ್ರಾಲ್ 1985ರಲ್ಲಿ ಕೊಟ್ಟ ಮಾದರಿ ಕಾನೂನಿನ ಮೇಲೆ. ಇದೇ ಮಾದರಿಯನ್ನು ಸಿಂಗಪುರ, ಹಾಂಗ್‌ಕಾಂಗ್ ಕೂಡ ತೆಗೆದುಕೊಂಡಿವೆ. ಆದ್ದರಿಂದಲೇ ಅಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ರಿಮಿನಲ್ ಕಾನೂನನ್ನೋ ಭೂ ಕಾನೂನನ್ನೋ ವಿದೇಶದಲ್ಲಿ ಓದಿದರೆ ಇಷ್ಟು ಬಳಕೆಗೆ ಬರುವುದಿಲ್ಲ.

ಈಗ ಎಲ್ಲಿ ಓದಬೇಕು ಎಂಬ ಮಾತು. ಕಾಲೇಜಿನ ಹೆಸರಿಗಿಂತ, ಮುಂದೆ ಎಂಥ ಜಗಳಗಳ ನಡುವೆ ಬದುಕಬೇಕು ಅಂದುಕೊಂಡಿದ್ದೀರಿ ಎಂದು ನೋಡಿ ಆರಿಸಿ. ಲಂಡನ್‌ನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಆರ್ಬಿಟ್ರೇಷನ್‌ಗೆಂದೇ ಪ್ರತ್ಯೇಕ ಶಾಲೆ ಇದೆ. ವ್ಯಾಪಾರಿ ವ್ಯಾಜ್ಯಗಳಿಗೆ ಅದು ಗಟ್ಟಿ ಜಾಗ. ಅಲ್ಲಿನ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲೂ ಮಾಡಬಹುದು, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಜಿನೀವಾದಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಮತ್ತು ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಸೇರಿ ನಡೆಸುವ ಎಲ್‌ಎಲ್‌ಎಂ ಇದೆ. ದೇಶ ದೇಶಗಳ ನಡುವಿನ ವ್ಯಾಜ್ಯ, ಹೂಡಿಕೆ ಒಪ್ಪಂದದ ವ್ಯಾಜ್ಯ ಓದಬೇಕೆಂದರೆ ಅದು ಒಳ್ಳೆಯದು. ಸ್ಟಾಕ್‌ಹೋಮ್ ಶೀತಲ ಸಮರದ ದಿನಗಳಲ್ಲಿ ಅಮೆರಿಕ ಮತ್ತು ಸೋವಿಯತ್ ವ್ಯಾಪಾರಿಗಳು ಇಬ್ಬರೂ ಒಪ್ಪಿಕೊಂಡ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ವ್ಯಾಪಾರಿ ಆರ್ಬಿಟ್ರೇಷನ್‌ಗೆಂದೇ ಒಂದು ವರ್ಷದ ಕೋರ್ಸಿದೆ. ಹಾಂಗ್‌ಕಾಂಗ್‌ನಲ್ಲಿ ಎರಡು ವಿಶ್ವವಿದ್ಯಾಲಯಗಳಲ್ಲಿ ಆರ್ಬಿಟ್ರೇಷನ್ ಮತ್ತು ವ್ಯಾಜ್ಯ ಪರಿಹಾರ ಎಂಬ ಹೆಸರಿನದೇ ಸ್ನಾತಕೋತ್ತರ ಪದವಿ ಸಿಗುತ್ತದೆ. ಮೀಡಿಯೇಷನ್ ನಿಮ್ಮ ಒಲವಾದರೆ ಕ್ಯಾಲಿಫೋರ್ನಿಯಾದ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯದ ಸ್ಟ್ರಾಸ್ ಸಂಸ್ಥೆಗೆ ಒಳ್ಳೆಯ ಹೆಸರಿದೆ.

ನಿಮ್ಮ ಪತ್ರ ಓದಿದರೆ, ವಿದೇಶಕ್ಕೆ ಹೋಗುವುದಾದರೆ ಸಿಂಗಪುರವೇ ನಿಮಗೆ ಹೊಂದುತ್ತದೆ ಅನ್ನಿಸುತ್ತದೆ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಮತ್ತು ವ್ಯಾಜ್ಯ ಪರಿಹಾರದ ಎಲ್‌ಎಲ್‌ಎಂ ಇದೆ. ಅಲ್ಲಿನ ಆರ್ಬಿಟ್ರೇಷನ್ ಕೇಂದ್ರಕ್ಕೆ ಹೊರಗಿನಿಂದ ಬರುವ ಕಕ್ಷಿದಾರರಲ್ಲಿ ಭಾರತದವರು ಬಹಳ ವರ್ಷಗಳಿಂದ ಮುಂಚೂಣಿಯಲ್ಲಿದ್ದಾರೆ. ಭಾರತದ ಕಾನೂನು ಗೊತ್ತಿರುವವರಿಗೆ ಅಲ್ಲಿ ಸಹಜವಾಗಿ ಬೆಲೆ ಇದೆ. ಬೆಂಗಳೂರಿನಿಂದ ಐದು ಗಂಟೆಯೂ ಇಲ್ಲದ ವಿಮಾನ ದಾರಿ. ಮನೆಯಲ್ಲಿ ಏನಾದರೂ ಆದರೆ ಬಂದುಬಿಡಬಹುದು. ಇದನ್ನು ಯಾವ ಪ್ರಾಸ್ಪೆಕ್ಟಸ್‌ನಲ್ಲೂ ಬರೆದಿರುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಇಲ್ಲೇ ಓದುವುದಾದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಎಲ್‌ಎಲ್‌ಎಂಗೆ ಕ್ಲಾಟ್ ಪಿಜಿ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ನಿಮಗೆ ಹತ್ತಿರ. ಆದರೆ ಎಚ್ಚರ, ಇಲ್ಲಿ ಹೆಚ್ಚಿನ ಕಡೆ ಆರ್ಬಿಟ್ರೇಷನ್ ಒಂದೋ ಎರಡೋ ಪತ್ರಿಕೆಯಾಗಿ ಬರುತ್ತದೆ, ಇಡೀ ಪದವಿ ಅದರ ಮೇಲೆ ಇರುವುದು ಕಡಿಮೆ. ಸೇರುವ ಮೊದಲು ಆ ವರ್ಷದ ಪಠ್ಯಕ್ರಮ ತರಿಸಿ ಓದಿ. ಪಾಠ ಮಾಡುವವರಲ್ಲಿ ಆರ್ಬಿಟ್ರೇಷನ್ ಕೇಸು ನಡೆಸಿದವರು ಎಷ್ಟು ಮಂದಿ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲಿ ಈ ವಿಷಯದ ಪಿಜಿ ಡಿಪ್ಲೊಮಾ ನಡೆಸುತ್ತಾ ಬಂದಿದೆ. ವಕೀಲಿಕೆ ಬಿಡದೆ ಓದಲು ಇಂಥದ್ದು ಅನುಕೂಲ. 1915ರಲ್ಲಿ ಲಂಡನ್‌ನಲ್ಲಿ ಶುರುವಾದ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್ ಕೂಡ ಹಂತ ಹಂತವಾಗಿ ತರಬೇತಿ ಕೊಡುತ್ತದೆ. ಅಸೋಸಿಯೇಟ್, ಮೆಂಬರ್, ಫೆಲೋ ಎಂದು ಮೂರು ಮೆಟ್ಟಿಲು. ಅಲ್ಲಿ ಅವಾರ್ಡ್ ಬರೆಯುವುದನ್ನೇ ಒಂದು ಪರೀಕ್ಷೆಯಾಗಿ ಇಟ್ಟಿದ್ದಾರೆ. ನನ್ನ ಅನುಭವದಲ್ಲಿ ಈ ಇಡೀ ವಿದ್ಯೆಯಲ್ಲಿ ಕಷ್ಟವಾದದ್ದು ಅದೇ. ವಾದ ಮಾಡುವುದನ್ನು ಕೋರ್ಟು ಕಲಿಸುತ್ತದೆ. ಎರಡೂ ಕಡೆ ಕೇಳಿ, ಸೋತವರಿಗೂ ಅರ್ಥವಾಗುವ ಹಾಗೆ ಕಾರಣ ಬರೆಯುವುದನ್ನು ಬೇರೆಯಾಗಿಯೇ ಕಲಿಯಬೇಕು.

ಆರ್ಬಿಟ್ರೇಟರ್ ಆಗಬಹುದೇ ಎಂದು ಕೇಳಿದ್ದೀರಿ. ಕಾನೂನಿನಲ್ಲಿ ಅದಕ್ಕೆ ಪದವಿ ಬೇಕಾಗಿಲ್ಲ. 2019ರ ತಿದ್ದುಪಡಿ ಕೆಲವು ಅರ್ಹತೆಗಳನ್ನು ಹೇಳಿತ್ತು, 2021ರಲ್ಲಿ ಅದನ್ನು ತೆಗೆದುಹಾಕಿದರು. ಎಂಜಿನಿಯರ್, ಲೆಕ್ಕಪರಿಶೋಧಕರು ಕೂಡ ಆಗಬಹುದು. ಆದರೆ ನೇಮಿಸುವುದು ಕಕ್ಷಿದಾರರು, ಅವರು ನಂಬಿಕೆ ನೋಡುತ್ತಾರೆ. ಅದಕ್ಕೇ ಇವತ್ತಿಗೂ ನಮ್ಮಲ್ಲಿ ನಿವೃತ್ತ ನ್ಯಾಯಾಧೀಶರೇ ಜಾಸ್ತಿ. ಎಲ್‌ಎಲ್‌ಎಂ ಮುಗಿಸಿದ ಕೂಡಲೇ ಆ ಕುರ್ಚಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಜವಾಗಿ ಸಿಗುವುದು ದೊಡ್ಡ ಊರುಗಳ ಲಾ ಫರ್ಮುಗಳ ವ್ಯಾಜ್ಯ ವಿಭಾಗದಲ್ಲಿ ಕೆಲಸ, ಆರ್ಬಿಟ್ರೇಷನ್ ಸಂಸ್ಥೆಗಳಲ್ಲಿ ಕೇಸು ನೋಡಿಕೊಳ್ಳುವ ಕೆಲಸ, ಹಿರಿಯ ಆರ್ಬಿಟ್ರೇಟರುಗಳಿಗೆ ಸಹಾಯಕರಾಗುವ ಅವಕಾಶ. ಜಿಲ್ಲೆಗೆ ವಾಪಸ್ ಬಂದವರಿಗೆ ಈ ಕಾನೂನು ಗೊತ್ತಿರುವ ವಕೀಲರೆಂಬ ಹೆಸರು. ಈ ಕೊನೆಯದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಅದಕ್ಕೆ ದುಡ್ಡೂ ಬರುತ್ತದೆ. ಇಂಗ್ಲೆಂಡಿನ ಎಲ್‌ಎಲ್‌ಎಂ ಮಾತ್ರದಿಂದ ಅಲ್ಲಿ ವಕೀಲಿಕೆ ಮಾಡಲಾಗುವುದಿಲ್ಲ, ಅದಕ್ಕೆ ಎಸ್‌ಕ್ಯೂಇ ಎಂಬ ಬೇರೆ ಪರೀಕ್ಷೆ ಇದೆ. ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದ್ದರೆ, ವಿದೇಶದ ಒಂದು ವರ್ಷದ ಪದವಿಗೆ ಇಲ್ಲಿ ಸಮಾನತೆ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಜೊತೆಗೆ ನೆಟ್ ಪರೀಕ್ಷೆ ಹೇಗೂ ಇದೆ.

ಮೀಡಿಯೇಷನ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ನನ್ನ ಮನಸ್ಸಿನಲ್ಲಿ ಅದೇ ಮುಂದೆ ಇದೆ. 2024ರ ಜೂನ್ 3ರಂದು ಕೇಂದ್ರ ಹಣಕಾಸು ಸಚಿವಾಲಯ ಒಂದು ಸೂಚನೆ ಹೊರಡಿಸಿತು. ಸರ್ಕಾರಿ ಖರೀದಿ ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತನ್ನು ಎಲ್ಲಕ್ಕೂ ಹಾಕುತ್ತಾ ಹೋಗಬೇಡಿ, ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆಯ ವ್ಯಾಜ್ಯಕ್ಕೆ ಸೀಮಿತ ಮಾಡಿ, ದೊಡ್ಡದಕ್ಕೆ ಮೀಡಿಯೇಷನ್ ಬಳಸಿ ಎಂಬುದು ಅದರ ತಿರುಳು. ನಮ್ಮಲ್ಲಿ ರಸ್ತೆ, ನೀರಾವರಿ, ಕಟ್ಟಡ ಗುತ್ತಿಗೆಗಳ ವ್ಯಾಜ್ಯಗಳೇ ಆರ್ಬಿಟ್ರೇಷನ್‌ನ ದೊಡ್ಡ ಪಾಲು. ಅವುಗಳಲ್ಲಿ ಕೇಂದ್ರದ ಕೆಲಸಗಳು ಬೇರೆ ದಾರಿ ಹಿಡಿಯುತ್ತವೆ ಎಂದ ಹಾಗಾಯಿತು. 2023ರಲ್ಲಿ ಮೀಡಿಯೇಷನ್‌ಗೆಂದೇ ಕಾಯ್ದೆ ಬಂದಿದೆ. ತುರ್ತು ಪರಿಹಾರ ಬೇಡದ ವಾಣಿಜ್ಯ ದಾವೆ ಹಾಕುವ ಮೊದಲು ಮೀಡಿಯೇಷನ್‌ಗೆ ಹೋಗಲೇಬೇಕು ಎಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ 2022ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಮೀಡಿಯೇಷನ್ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಗಂಡ ಹೆಂಡತಿ, ಅಣ್ಣ ತಮ್ಮ ಎದುರುಬದುರು ಕೂತು ಮಾತಾಡುವುದನ್ನು ಒಮ್ಮೆ ನೋಡಿದವರು ಈ ಕೆಲಸವನ್ನು ಹಗುರವಾಗಿ ಕಾಣುವುದಿಲ್ಲ. ಆರ್ಬಿಟ್ರೇಷನ್ ಮಾತ್ರ ಇರುವ ಕೋರ್ಸಿಗಿಂತ ಮೀಡಿಯೇಷನ್, ನೆಗೋಷಿಯೇಷನ್ ಕೂಡ ಕೈಯಾರೆ ಮಾಡಿಸುವ ಕೋರ್ಸನ್ನು ಆರಿಸಿ ಎನ್ನುವುದು ಈ ಕಾರಣಕ್ಕೆ.

ಇಂಗ್ಲಿಷ್ ಬಗ್ಗೆ ಭಯ ಬೇಡ. ಐಇಎಲ್‌ಟಿಎಸ್‌ನಲ್ಲಿ ಸಾಮಾನ್ಯವಾಗಿ 7ರ ಆಸುಪಾಸು ಕೇಳುತ್ತಾರೆ. ಐದು ವರ್ಷ ಇಂಗ್ಲಿಷ್‌ನಲ್ಲಿ ಪ್ಲೇಂಟು, ರಿಟನ್ ಸ್ಟೇಟ್‌ಮೆಂಟು ಬರೆದವರಿಗೆ ಅದು ದೂರವಲ್ಲ. ತೊಂದರೆ ಆಗುವುದು ಬೇರೆ ಕಡೆ. ನಮ್ಮ ಕೋರ್ಟಿನ ಇಂಗ್ಲಿಷ್ ಉದ್ದುದ್ದ, ಹಳೆಯದು. ಅಲ್ಲಿ ಸಣ್ಣ ವಾಕ್ಯ, ನೇರ ಮಾತು ಕೇಳುತ್ತಾರೆ. ವಾರಕ್ಕೊಂದು ತೀರ್ಪು ಓದಿ, ಒಂದೇ ಪುಟದಲ್ಲಿ ಅದರ ತಿರುಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಆರು ತಿಂಗಳಲ್ಲಿ ಕೈ ತಿರುಗುತ್ತದೆ. ಇನ್ನೊಂದು ಮಾತು. ನಿಮ್ಮ ಕನ್ನಡವನ್ನು ಕೊರತೆ ಎಂದು ಎಣಿಸಬೇಡಿ. ಆರ್ಬಿಟ್ರೇಷನ್ ಯಾವ ಭಾಷೆಯಲ್ಲಿ ನಡೆಯಬೇಕು ಎಂದು ಕಕ್ಷಿದಾರರೇ ತೀರ್ಮಾನಿಸಬಹುದು, ಆರ್ಬಿಟ್ರೇಷನ್ ಕಾಯ್ದೆಯ 22ನೇ ಕಲಂ ಅದನ್ನೇ ಹೇಳುತ್ತದೆ. ಕನ್ನಡದಲ್ಲಿ ನಡೆಸಿ ಕನ್ನಡದಲ್ಲಿ ಅವಾರ್ಡ್ ಬರೆಯಲು ಕಾನೂನಿನ ಅಡ್ಡಿ ಇಲ್ಲ. 2023ರ ಮೀಡಿಯೇಷನ್ ಕಾಯ್ದೆಯಲ್ಲಿ ಸಮುದಾಯ ಮೀಡಿಯೇಷನ್ ಎಂಬ ಅಧ್ಯಾಯವೇ ಇದೆ. ಒಂದು ಊರಿನ ನೆಮ್ಮದಿ ಕೆಡಿಸುವ ಜಗಳವನ್ನು ಮೂವರು ಮೀಡಿಯೇಟರುಗಳು ಕೂತು ಬಗೆಹರಿಸುವ ಏರ್ಪಾಡು ಅದು. ನಮ್ಮ ಪಂಚಾಯಿತಿ ಕಟ್ಟೆ ನೆನಪಾಗುತ್ತದೆ, ಅಲ್ವಾ? ಆದರೆ ಇಲ್ಲಿ ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು. ಊರ ಗೌಡರ ಮಾತೇ ಕೊನೆ ಎಂಬುದು ನಡೆಯುವುದಿಲ್ಲ. ಹೆಣ್ಣುಮಕ್ಕಳ ಮಾತನ್ನೂ ದನಿ ಇಲ್ಲದವರ ಮಾತನ್ನೂ ಕೇಳಿಸಿಕೊಳ್ಳಬಲ್ಲ, ತರಬೇತಿ ಪಡೆದ ಕನ್ನಡದ ಮೀಡಿಯೇಟರುಗಳು ಅಲ್ಲಿಗೆ ಬೇಕು. ಲಂಡನ್‌ನಲ್ಲಿ ಓದಿ ಬಂದವರೂ ಅಲ್ಲಿ ಕೂರಬೇಕು ಎಂಬುದು ನನ್ನ ದೊಡ್ಡ ಆಸೆ.

ಹಣದ ಲೆಕ್ಕ. ಲಂಡನ್‌ನಲ್ಲಿ ಒಂದು ವರ್ಷಕ್ಕೆ ಫೀಸು, ಬಾಡಿಗೆ, ಊಟ ಎಲ್ಲ ಸೇರಿದರೆ 40 ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಅಡಿಕೆ ಬೆಲೆ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಓದಿ ಬಂದು ಜಿಲ್ಲಾ ಕೋರ್ಟಿಗೆ ಮರಳುವುದಾದರೆ ಆ ಸಾಲ ತೀರಿಸಲು ಬಹಳ ವರ್ಷ ಬೇಕು. ಸಾಲ ಕುತ್ತಿಗೆಗೆ ಬಿದ್ದರೆ, ರೈತರ ಕೇಸು ಬಿಟ್ಟು ದೊಡ್ಡ ಫರ್ಮಿಗೆ ಹೋಗಲೇಬೇಕಾದ ಒತ್ತಡ ಬರುತ್ತದೆ. ಹಾಗೆ ಹೋದವರನ್ನು ನಾನು ಹಳಿಯುವುದಿಲ್ಲ. ಆದರೆ ಆ ತೀರ್ಮಾನ ನಿಮ್ಮದಾಗಿರಬೇಕು, ಬ್ಯಾಂಕಿನದಲ್ಲ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ನಿಮಗೆ ಐದಿದೆ. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು ಎಂಬುದು ಅದರ ಷರತ್ತು. ನಿಮಗೆ ಅದು ಅಡ್ಡಿಯಾಗದು. ಜೆ.ಎನ್. ಟಾಟಾ ದತ್ತಿಯ ಸಾಲ ರೂಪದ ವಿದ್ಯಾರ್ಥಿವೇತನವೂ ಇದೆ. ಪರಿಶಿಷ್ಟ ಜಾತಿ ಪಂಗಡದವರಾದರೆ ರಾಜ್ಯದ ಪ್ರಬುದ್ಧ ಯೋಜನೆ ನೋಡಿ. ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯವರ ಜೊತೆ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳೂ ಇದ್ದಾರೆ. ಯಾವುದು ನಿಮಗೆ ಅನ್ವಯಿಸುತ್ತದೆ ಎಂದು ಪತ್ರದಿಂದ ನನಗೆ ತಿಳಿಯಲಿಲ್ಲ.

ಹಾಗಾಗಿ ಈ ಒಂದು ವರ್ಷ ನೀವು ಊರಲ್ಲೇ ಇರಿ. ಮೀಡಿಯೇಷನ್‌ನ 40 ಗಂಟೆಯ ತರಬೇತಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಸರು ಕೊಟ್ಟಿಡಿ. ಒಂದು ದೂರಶಿಕ್ಷಣ ಡಿಪ್ಲೊಮಾಕ್ಕೆ ಸೇರಿ. ಬೆಂಗಳೂರಿಗೆ ಬಂದಾಗ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಆರ್ಬಿಟ್ರೇಷನ್ ಕೇಂದ್ರ ನೋಡಿ. ಕೇಸುಗಳು ಗೋಪ್ಯವಾಗಿ ನಡೆಯುವುದರಿಂದ ಒಳಗೆ ಕೂರಲು ಬಿಡುವುದಿಲ್ಲ. ಆದರೆ ಅಲ್ಲಿನ ನಿಯಮಾವಳಿ ಓದಿದರೆ ಸಂಸ್ಥೆಯೊಂದು ಕೇಸನ್ನು ಹೇಗೆ ನಡೆಸುತ್ತದೆ ಎಂದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇನ್ನೊಂದು. ನಿಮ್ಮ ಜಿಲ್ಲೆಯಲ್ಲಿ ಹೆದ್ದಾರಿ ಪರಿಹಾರದ ಅವಾರ್ಡುಗಳ ಮೇಲೆ ಬಂದ 34ನೇ ಕಲಮಿನ ಆದೇಶಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ, ಒಂದು ಇಪ್ಪತ್ತನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಪ್ರತಿಯೊಂದರಲ್ಲೂ ಅವಾರ್ಡ್ ಕೈಸೇರಿದ ದಿನ, ಅರ್ಜಿ ಹಾಕಿದ ದಿನ, ರೈತರು ಎತ್ತಿದ ಕಾರಣ, ಕೋರ್ಟು ಹೇಳಿದ ಕಾರಣ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. 2019ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹೆದ್ದಾರಿಗೆ ಜಮೀನು ಕೊಟ್ಟವರಿಗೂ ಸೊಲೇಶಿಯಂ (ಬಲವಂತವಾಗಿ ಜಮೀನು ತೆಗೆದುಕೊಂಡಿದ್ದಕ್ಕೆ ಕೊಡುವ ಹೆಚ್ಚುವರಿ ಹಣ) ಮತ್ತು ಬಡ್ಡಿ ಸಿಗಬೇಕು. ಅದು ಸಿಕ್ಕಿದೆಯೇ ಎಂದೂ ನೋಡಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ನೀವು ಯಾಕೆ ಓದಬೇಕು’ ಎಂಬ ಪ್ರಶ್ನೆ ಬಂದಾಗ ಆ ನೋಟ್‌ಬುಕ್ಕೇ ನಿಮ್ಮ ಉತ್ತರ. ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ತೆರೆಯುತ್ತದೆ. ಅದಕ್ಕೆ ಒಂದು ತಿಂಗಳು ಮೊದಲು ಕರಡು ಬರೆದು ನನಗೆ ಕಳಿಸಿ, ಓದಿ ಹೇಳುತ್ತೇನೆ. ಮತ್ತೆ, ಈಗ ನಿಮ್ಮ ಆಫೀಸಿನಲ್ಲಿರುವ ಹೆದ್ದಾರಿ ಫೈಲುಗಳಲ್ಲಿ ಅವಾರ್ಡ್ ಕೈಸೇರಿದ ತಾರೀಕು ಯಾವುದು ಎಂದು ನಾಳೆಯೇ ನೋಡಿಬಿಡಿ. ಮೂರು ತಿಂಗಳು ಹತ್ತಿರ ಬಂದಿರುವುದು ಒಂದಾದರೂ ಇರಬಹುದು.